ಚಿತ್ರ 400 ಮೀಟರಿಗೇ ಒಡೆಯುವ ಡ್ರೋನ್: 800 ಮಿಲಿವಾಟ್ ಕೊಳ್ಳುವ ಮುನ್ನ

ಪ್ರಶ್ನೆ: ನನ್ನದು 5 ಇಂಚಿನ ಪ್ರೊಪೆಲ್ಲರ್‌ಗಳ, ನಾನೇ ಜೋಡಿಸಿದ ಎಫ್‌ಪಿವಿ ಡ್ರೋನ್, ಅಂದರೆ ಅದರ ಕ್ಯಾಮೆರಾದ ಚಿತ್ರವನ್ನು ಗಾಗಲ್ಸ್‌ನಲ್ಲಿ ನೋಡುತ್ತಾ ಹಾರಿಸುವಂಥದ್ದು. ವಿಡಿಯೊಗೆ 5.8 ಗಿಗಾಹರ್ಟ್ಸ್‌ನ ಅನಲಾಗ್ ಟ್ರಾನ್ಸ್‌ಮಿಟರ್, 200 ಮಿಲಿವಾಟ್, ನಿಯಂತ್ರಣಕ್ಕೆ 2.4 ಗಿಗಾಹರ್ಟ್ಸ್‌ನ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಎಂಬ ರೇಡಿಯೊ ಲಿಂಕ್, 100 ಮಿಲಿವಾಟ್. ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಪಕ್ಕದ ಕೆರೆಯ ಕಡೆಗೆ ಹಾರಿಸುತ್ತೇನೆ. ಒಮ್ಮೆ ಬಿದ್ದು ಆಂಟೆನಾ ಮುರಿಯಿತು. ಬೇರೆಯದನ್ನು ಹಾಕಿದ ಮೇಲೆ 400 ಮೀಟರ್ ಹತ್ತಿರ ಬರುವಷ್ಟರಲ್ಲಿ ಚಿತ್ರ ಒಡೆಯುತ್ತದೆ. ಹೋಗುವಾಗ ಹೇಗೋ ಕಾಣುತ್ತದೆ, ವಾಪಸ್ ತಿರುಗಿಸಿದರೆ ಏನೂ ಕಾಣುವುದಿಲ್ಲ. 800 ಮಿಲಿವಾಟಿನ ಟ್ರಾನ್ಸ್‌ಮಿಟರ್ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಸದ್ಯಕ್ಕೆ ಕೊಳ್ಳಬೇಡಿ. ನೀವು ಬರೆದಿರುವ ನಾಲ್ಕು ಸಾಲಿನಲ್ಲಿಯೇ ಕಾರಣಗಳು ಅಡಗಿವೆ. ಆಂಟೆನಾ ಬದಲಾದ ಮೇಲೆ ತೊಂದರೆ ಶುರುವಾಯಿತು ಎಂಬುದು ಒಂದು, ತಿರುಗಿಸಿದೊಡನೆ ಚಿತ್ರ ಹೋಗುತ್ತದೆ ಎಂಬುದು ಇನ್ನೊಂದು, ತೋಟದ ಅಂಚಿನಲ್ಲಿ ಕುರ್ಚಿ ಎಂಬುದು ಮೂರನೆಯದು. ಈ ಮೂರರಲ್ಲಿ ಯಾವುದನ್ನೂ ಹೆಚ್ಚಿನ ಶಕ್ತಿ ಸರಿಪಡಿಸುವುದಿಲ್ಲ. ತೂತಿರುವ ಕೊಳವೆಗೆ ದೊಡ್ಡ ಪಂಪು ಹಾಕಿದಂತಾಗುತ್ತದೆ, ಅಷ್ಟೆ.

ನಿಮ್ಮಲ್ಲಿ ಎಷ್ಟು ಸೋರುತ್ತಿದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ರೇಡಿಯೊ ಕೆಲಸದವರು ಲಾಭ ನಷ್ಟಗಳನ್ನು ಡೆಸಿಬೆಲ್‌ನಲ್ಲಿ ಬರೆದುಕೊಳ್ಳುವುದು ಗುಣಾಕಾರ ಭಾಗಾಕಾರಗಳೆಲ್ಲ ಬರೀ ಕೂಡುವ ಕಳೆಯುವ ಲೆಕ್ಕವಾಗಲಿ ಎಂದು. ಶಕ್ತಿ ಎರಡು ಪಟ್ಟಾದರೆ 3 ಡೆಸಿಬೆಲ್, ನಾಲ್ಕು ಪಟ್ಟಾದರೆ 6, ಹತ್ತು ಪಟ್ಟಾದರೆ 10. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸಿಗ್ನಲ್ 6 ಡೆಸಿಬೆಲ್ ಕುಗ್ಗುತ್ತದೆ. ನಿಮ್ಮ 200 ಮಿಲಿವಾಟ್ ಎಂದರೆ 23 ಡಿಬಿಎಂ, ಅಂದರೆ 1 ಮಿಲಿವಾಟಿಗಿಂತ 23 ಡೆಸಿಬೆಲ್ ಮೇಲೆ. ಎರಡೂ ತುದಿಯ ಆಂಟೆನಾಗಳಿಂದ ತಲಾ 1 ಡೆಸಿಬೆಲ್ ಸೇರಿಸಿದರೆ 25. ಬಯಲಿನಲ್ಲಿ 400 ಮೀಟರ್ ದಾಟುವಷ್ಟರಲ್ಲಿ 5.8 ಗಿಗಾಹರ್ಟ್ಸ್‌ನ ತರಂಗ ಹತ್ತಿರ ಹತ್ತಿರ 100 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಉಳಿದು ನಿಮ್ಮ ಗಾಗಲ್ಸ್ ಮುಟ್ಟಬೇಕಾದದ್ದು −75 ಡಿಬಿಎಂ. ಈ ಬಗೆಯ ಅನಲಾಗ್ ರಿಸೀವರ್‌ಗಳು ಸುಮಾರು −90ರವರೆಗೆ ಚಿತ್ರವನ್ನು ಹೇಗೋ ಹಿಡಿದುಕೊಂಡಿರುತ್ತವೆ. ಅಂದರೆ 400 ಮೀಟರಿನಲ್ಲಿ ನಿಮ್ಮ ಕೈಯಲ್ಲಿ ಇನ್ನೂ 15 ಡೆಸಿಬೆಲ್ ಉಳಿಕೆ ಇರಬೇಕಿತ್ತು, ಆ ಉಳಿಕೆಯಲ್ಲಿ ಡ್ರೋನ್ ಕಾಗದದ ಮೇಲಾದರೂ 2 ಕಿಲೋಮೀಟರ್ ದಾಟಬೇಕಿತ್ತು. ದಾಟುತ್ತಿಲ್ಲ ಎಂದರೆ ಆ 15 ಡೆಸಿಬೆಲ್ ದಾರಿಯಲ್ಲೆಲ್ಲೋ ಹೋಗುತ್ತಿದೆ. 800 ಮಿಲಿವಾಟ್ ನಿಮಗೆ ತಂದುಕೊಡುವುದು ಬರೀ 6 ಡೆಸಿಬೆಲ್. ಸೋರಿಕೆ ನಿಲ್ಲಿಸಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ, ಅದೂ ಹೆಚ್ಚು ಖರ್ಚಿಲ್ಲದೆ.

ಮೊದಲು ಹೊಸ ಆಂಟೆನಾವನ್ನು ಬಿಚ್ಚಿ ಕೈಯಲ್ಲಿ ಹಿಡಿದು ನೋಡಿ. ಎಫ್‌ಪಿವಿಯಲ್ಲಿ ಬಳಸುವ ಅಣಬೆಯಾಕಾರದ ಆಂಟೆನಾಗಳು ತರಂಗವನ್ನು ಸ್ಕ್ರೂ ತಿರುಗಿದ ಹಾಗೆ ತಿರುಗಿಸುತ್ತಾ ಕಳಿಸುತ್ತವೆ. ಕೆಲವು ಬಲಕ್ಕೆ ತಿರುಗಿಸುತ್ತವೆ, ಕೆಲವು ಎಡಕ್ಕೆ. ಬಲದವನ್ನು ಆರ್‌ಎಚ್‌ಸಿಪಿ, ಎಡದವನ್ನು ಎಲ್‌ಎಚ್‌ಸಿಪಿ ಎಂದು ಕರೆದು ಟೋಪಿಯ ಮೇಲೋ ಕಾಂಡದ ಮೇಲೋ ಗುರುತು ಹಾಕಿರುತ್ತಾರೆ. ಡ್ರೋನ್‌ನಲ್ಲಿ ಬಲಸುತ್ತಿನದು, ಗಾಗಲ್ಸ್‌ನಲ್ಲಿ ಎಡಸುತ್ತಿನದು ಇದ್ದರೆ ಸಿಗ್ನಲ್‌ನ 15ರಿಂದ 20 ಡೆಸಿಬೆಲ್ ಅಲ್ಲಿಯೇ ಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಕಾಣೆಯಾಗಿರುವುದೂ ಅಷ್ಟೇ ಎಂಬುದನ್ನು ಗಮನಿಸಿ. ಬದಲಿ ಆಂಟೆನಾ ಕೊಳ್ಳುವಾಗ ಆಕಾರ, ಬಣ್ಣ, ಕನೆಕ್ಟರ್ ನೋಡುತ್ತೇವೆಯೇ ಹೊರತು ಸುತ್ತನ್ನು ನೋಡುವುದು ಮರೆತುಹೋಗುತ್ತದೆ. ಅಂಗಳದಲ್ಲಿ ಪರೀಕ್ಷಿಸಿದರೆ ಈ ತಪ್ಪು ಗೊತ್ತಾಗುವುದೂ ಇಲ್ಲ, ಏಕೆಂದರೆ ಹತ್ತಿರದಲ್ಲಿ ಸಿಗ್ನಲ್ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಗಾಗಲ್ಸ್ ಜೊತೆ ಬಂದದ್ದು ಕಪ್ಪು ರಬ್ಬರ್ ಕಡ್ಡಿಯಂಥ ನೇರ ಆಂಟೆನಾ ಆಗಿದ್ದರೆ ನಷ್ಟ ಅಷ್ಟಿಲ್ಲ, 3 ಡೆಸಿಬೆಲ್ ಮಾತ್ರ. ಆದರೂ ಅದನ್ನು ಡ್ರೋನ್‌ನ ಸುತ್ತಿಗೆ ಹೊಂದುವ ಅಣಬೆ ಆಂಟೆನಾದಿಂದ ಬದಲಿಸುವುದು ಒಳ್ಳೆಯದು.

ಸುತ್ತು ಸರಿಯಿದ್ದರೆ ಕನೆಕ್ಟರಿನ ಒಳಗೆ ನೋಡಿ. ಎಸ್‌ಎಂಎ ಮತ್ತು ಆರ್‌ಪಿ-ಎಸ್‌ಎಂಎ ಎಂಬ ಎರಡು ಬಗೆಗಳು ಹೊರಗಿನಿಂದ ಅವಳಿಗಳ ಹಾಗಿವೆ, ತಿರುಪು ಕೂಡ ಒಂದಕ್ಕೊಂದು ಸರಿಯಾಗಿ ಕೂರುತ್ತದೆ. ವ್ಯತ್ಯಾಸ ಇರುವುದು ನಡುವಿನ ಸೂಜಿಯಲ್ಲಿ: ಒಂದರಲ್ಲಿ ಸೂಜಿ ಇರುವ ಕಡೆ ಇನ್ನೊಂದರಲ್ಲಿ ತೂತು ಇರುತ್ತದೆ. ಇವನ್ನು ಬೆರೆಸಿದರೆ ತೂತಿಗೆ ತೂತು ಎದುರಾಗಿ ಲೋಹಕ್ಕೆ ಲೋಹ ಮುಟ್ಟುವುದೇ ಇಲ್ಲ, ಇಲ್ಲವೇ ಸೂಜಿಗೆ ಸೂಜಿ ಗುದ್ದಿ ಎರಡೂ ಹಾಳಾಗುತ್ತವೆ. ಒಬ್ಬ ವಿದ್ಯಾರ್ಥಿ ನನ್ನ ಬಳಿ ತಂದಿದ್ದ ಡ್ರೋನ್‌ನಲ್ಲಿ ಇದೇ ಆಗಿತ್ತು. ಆಂಟೆನಾ ಗಟ್ಟಿಯಾಗಿ ಕೂತಿತ್ತು, ಐವತ್ತು ಮೀಟರಿನವರೆಗೆ ಚಿತ್ರವೂ ಚೊಕ್ಕವಾಗಿತ್ತು. ಬಿಚ್ಚಿ ಟಾರ್ಚ್ ಬಿಟ್ಟು ನೋಡಿದಾಗ ಎರಡೂ ಕಡೆ ಬರೀ ತೂತು. ಅವನು ಆ ತಿಂಗಳಲ್ಲಿ ಎರಡು ಟ್ರಾನ್ಸ್‌ಮಿಟರ್ ಬದಲಿಸಿದ್ದ. ಇನ್ನೊಂದು ಮಾತು: ಡ್ರೋನ್ ಬಿದ್ದಾಗ ಆಂಟೆನಾ ಕಳಚಿಕೊಂಡಿದ್ದು, ಆ ಸ್ಥಿತಿಯಲ್ಲಿ ಬ್ಯಾಟರಿ ಇನ್ನೂ ಚಾಲೂ ಇದ್ದಿದ್ದರೆ ಟ್ರಾನ್ಸ್‌ಮಿಟರಿನ ಕೊನೆಯ ಹಂತದ ಆಂಪ್ಲಿಫೈಯರ್ ಸುಟ್ಟಿರಬಹುದು. ಹೊರಹೋಗಬೇಕಾದ ಶಕ್ತಿಗೆ ದಾರಿಯಿಲ್ಲದೆ ಅದು ಹಿಂದಿರುಗಿ ಆಂಪ್ಲಿಫೈಯರನ್ನೇ ಬೇಯಿಸುತ್ತದೆ. ಹಾಗೆ ಸುಟ್ಟ ಟ್ರಾನ್ಸ್‌ಮಿಟರ್ ಪೂರ್ತಿ ಸಾಯುವುದಿಲ್ಲ, ಕ್ಷೀಣವಾಗಿ ಹೊರಡಿಸುತ್ತಲೇ ಇರುತ್ತದೆ. ಅದಕ್ಕೇ ಅದನ್ನು ಪತ್ತೆ ಹಚ್ಚುವುದು ಕಷ್ಟ. ಸ್ನೇಹಿತರ ಟ್ರಾನ್ಸ್‌ಮಿಟರ್ ಒಂದನ್ನು ಅದೇ ಆಂಟೆನಾಕ್ಕೆ ಹಾಕಿ ಹೋಲಿಸುವುದೊಂದೇ ಸುಲಭವಾದ ಉಪಾಯ.

ಈಗ ತಿರುಗಿದೊಡನೆ ಚಿತ್ರ ಹೋಗುವ ವಿಷಯ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಶ್ನೆಯ ಅತ್ಯಂತ ಗಂಭೀರವಾದ ಭಾಗ ಇದು, ಏಕೆಂದರೆ ನಿಮಗೆ ಚಿತ್ರ ಅತಿ ಅಗತ್ಯವಾಗಿ ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತಿದೆ. 5 ಇಂಚಿನ ಡ್ರೋನ್‌ಗಳ ಚೌಕಟ್ಟು ಕಾರ್ಬನ್ ಫೈಬರಿನದು. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಯಬಿಡುವ ವಸ್ತು, ಹಾಗಾಗಿ ರೇಡಿಯೊ ತರಂಗಕ್ಕೆ ಅದು ತಗಡಿನ ಗೋಡೆಯಿದ್ದ ಹಾಗೆ. ಮೇಲೆ ಕಟ್ಟಿದ ಲಿಪೋ ಬ್ಯಾಟರಿಯೂ ಹಾಗೆಯೇ. ವಿಡಿಯೊ ಆಂಟೆನಾ ಸಾಮಾನ್ಯವಾಗಿ ಹಿಂಬದಿಯಲ್ಲಿರುತ್ತದೆ. ಡ್ರೋನ್ ನಿಮ್ಮಿಂದ ದೂರ ಹೋಗುವಾಗ ಅದರ ಬೆನ್ನು ನಿಮ್ಮ ಕಡೆಗಿರುವುದರಿಂದ ಆಂಟೆನಾ ನಿಮ್ಮನ್ನು ನೇರವಾಗಿ ನೋಡುತ್ತಿರುತ್ತದೆ. ತಿರುಗಿದಾಗ ಆಂಟೆನಾ ಆಚೆ ಬದಿಗೆ ಹೋಗಿ ನಡುವೆ ಬ್ಯಾಟರಿ ಮತ್ತು ಚೌಕಟ್ಟು ಬರುತ್ತವೆ. ಅದರ ಮೇಲೆ ವೇಗವಾಗಿ ಬರಲೆಂದು ಡ್ರೋನ್ ಮೂತಿ ತಗ್ಗಿಸಿದಾಗ ಆಂಟೆನಾದ ತುದಿ ನಿಮ್ಮ ಕಡೆಗೆ ವಾಲುತ್ತದೆ. ಈ ಬಗೆಯ ಆಂಟೆನಾ ತರಂಗವನ್ನು ಉದ್ದಿನವಡೆಯ ಆಕಾರದಲ್ಲಿ ಹರಡುತ್ತದೆ: ಸುತ್ತಲೂ ತುಂಬು, ತುದಿಯ ನೇರಕ್ಕೆ ತೂತು. ವಾಲಿದಷ್ಟೂ ಆ ತೂತು ನಿಮ್ಮ ಕಡೆಗೆ ಬರುತ್ತದೆ.

ಇದನ್ನು ಊಹಿಸುತ್ತಾ ಕೂರಬೇಕಿಲ್ಲ, ಒಂದು ಸಂಜೆಯಲ್ಲಿ ಕಣ್ಣಾರೆ ನೋಡಬಹುದು. ಟ್ರಾನ್ಸ್‌ಮಿಟರನ್ನು 200ರಿಂದ 25 ಮಿಲಿವಾಟಿಗೆ ಇಳಿಸಿ. ಇದರಿಂದ 9 ಡೆಸಿಬೆಲ್ ಕಡಿಮೆಯಾಗಿ, 400 ಮೀಟರಿನಲ್ಲಿ ಕಾಣಿಸುತ್ತಿದ್ದ ತೊಂದರೆ 140 ಮೀಟರಿನ ಆಸುಪಾಸಿಗೆ, ಅಂದರೆ ಬರಿಗಣ್ಣಿಗೆ ಡ್ರೋನ್ ಕಾಣುವಷ್ಟು ಹತ್ತಿರಕ್ಕೆ ಬರುತ್ತದೆ. ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಗಾಗಲ್ಸ್‌ನಲ್ಲಿ ರೆಕಾರ್ಡಿಂಗ್ ಚಾಲೂ ಮಾಡಿ, 100 ಮೀಟರ್ ದೂರದಲ್ಲಿ ಡ್ರೋನನ್ನು ತೇಲಿಸಿ ನಿಲ್ಲಿಸಿ. ನಿಂತಲ್ಲಿಯೇ ಇಪ್ಪತ್ತು ಸೆಕೆಂಡಿನಲ್ಲಿ ಒಂದು ಸುತ್ತು ಬರುವಷ್ಟು ನಿಧಾನವಾಗಿ ತಿರುಗಿಸಿ. ಮನೆಗೆ ಬಂದು ರೆಕಾರ್ಡಿಂಗ್ ನೋಡಿದರೆ ಯಾವ ದಿಕ್ಕಿಗೆ ಮೂತಿ ಇದ್ದಾಗ ಚಿತ್ರದಲ್ಲಿ ಹಿಮದಂಥ ಬಿಳಿ ಚುಕ್ಕೆಗಳು ಸುರಿಯುತ್ತವೆ ಎಂಬುದು ಸ್ಪಷ್ಟವಾಗುತ್ತದೆ. ಮೂತಿ ನಿಮ್ಮ ಕಡೆಗಿದ್ದಾಗ ಮಾತ್ರ ಕೆಟ್ಟರೆ ಅಡ್ಡಿ ಡ್ರೋನ್‌ನ ಮೈಯಲ್ಲಿಯೇ ಇದೆ. ಆಂಟೆನಾವನ್ನು ಬ್ಯಾಟರಿಯ ಮಟ್ಟಕ್ಕಿಂತ ಮೇಲಕ್ಕೆ ಎತ್ತುವ, ಟಿಪಿಯು ಎಂಬ ಬಾಗುವ ಪ್ಲಾಸ್ಟಿಕ್ಕಿನ ಆಸರೆ ಹಾಕಿ, ಸ್ವಲ್ಪ ಹಿಂದಕ್ಕೆ ವಾಲಿಸಿ, ಮೂತಿ ತಗ್ಗಿದಾಗ ಅದು ನೆಟ್ಟಗೆ ನಿಲ್ಲುವಂತೆ. ಯಾವ ದಿಕ್ಕಿಗೆ ತಿರುಗಿದರೂ ಒಂದೇ ಸಮನೆ ಕೆಟ್ಟಿದ್ದರೆ ಸುತ್ತು, ಕನೆಕ್ಟರ್, ಟ್ರಾನ್ಸ್‌ಮಿಟರ್‌ಗಳ ಕಡೆಗೆ ಮರಳಿ ಹೋಗಿ.

ಇನ್ನು ನೀವು ಕೂರುವ ಜಾಗ. ಕುರ್ಚಿಯಲ್ಲಿ ಕೂತಾಗ ನಿಮ್ಮ ಗಾಗಲ್ಸ್ ನೆಲದಿಂದ ಒಂದೂಕಾಲು ಮೀಟರ್ ಮೇಲಿರುತ್ತದೆ, ಎದುರಿಗೆ ತೆಂಗಿನ ಸಾಲು ಇರುತ್ತದೆ. 5.8 ಗಿಗಾಹರ್ಟ್ಸ್‌ನ ತರಂಗದ ಉದ್ದ 5 ಸೆಂಟಿಮೀಟರಿನಷ್ಟು ಚಿಕ್ಕದು. ಅದಕ್ಕೆ ಗರಿ, ಕಾಂಡ, ಮಳೆ ನಿಂತ ಮೇಲಿನ ಒದ್ದೆ ಎಲೆ ಎಲ್ಲವೂ ತಡೆ. ನೀರು ಈ ತರಂಗವನ್ನು ಚೆನ್ನಾಗಿ ಹೀರುತ್ತದೆ. ಗಾಗಲ್ಸ್ ಹಾಕಿದ ನಿಮ್ಮ ತಲೆಯೂ ಹಿಂದಿನಿಂದ ಬರುವ ಸಿಗ್ನಲ್‌ಗೆ ಒಂದು ಗೋಡೆಯೇ. ಡ್ರೋನ್ ಕಣ್ಣಿಗೆ ಕಂಡರೆ ಸಾಕು ಎಂದುಕೊಳ್ಳುವವರಿದ್ದಾರೆ, ಆದರೆ ರೇಡಿಯೊಗೆ ಒಂದು ಗೆರೆಯಷ್ಟು ದಾರಿ ಸಾಲದು. ಎರಡು ಆಂಟೆನಾಗಳ ನಡುವೆ ನಡು ದಪ್ಪಗಿರುವ, ಸೌತೆಕಾಯಿ ಆಕಾರದ ಜಾಗವೊಂದು ತೆರವಾಗಿರಬೇಕು. ಅದನ್ನು ಫ್ರೆನೆಲ್ ವಲಯ ಎನ್ನುತ್ತಾರೆ. 5.8 ಗಿಗಾಹರ್ಟ್ಸ್‌ನಲ್ಲಿ 1 ಕಿಲೋಮೀಟರ್ ದೂರಕ್ಕೆ ಅದರ ನಡುಭಾಗದ ತ್ರಿಜ್ಯ 3.6 ಮೀಟರ್. ಅದರ ಶೇಕಡಾ 60ರಷ್ಟಾದರೂ, ಅಂದರೆ 2 ಮೀಟರಿಗೂ ಮಿಗಿಲಾಗಿ, ನೆಲವೂ ಮರವೂ ಒಳಬರದೆ ಇರಬೇಕು. ಕುರ್ಚಿಯ ಎತ್ತರದಿಂದ ಕೆಳಮಟ್ಟದಲ್ಲಿ ಹಾರುವ ಡ್ರೋನ್‌ಗೆ ಈ ಜಾಗ ಸಿಗುವುದಿಲ್ಲ.

ನಿಮ್ಮ ಪಕ್ಕದಲ್ಲಿಯೇ ಇದಕ್ಕೆ ಉತ್ತರವಿದೆ: ಕೆರೆಯ ಏರಿ. ಕುರ್ಚಿಯನ್ನು ತೋಟದ ಅಂಚಿನಿಂದ ಏರಿಯ ಮೇಲಕ್ಕೆ ಒಯ್ದರೆ ಎತ್ತರವೂ ಸಿಗುತ್ತದೆ, ಮರಗಳೂ ಹಿಂದೆ ಉಳಿಯುತ್ತವೆ. ನನ್ನ ಅನುಭವದಲ್ಲಿ ಜಾಗ ಬದಲಿಸಿದ್ದರಿಂದ ಸಿಕ್ಕಷ್ಟು ದೂರ ಯಾವ ಬಿಡಿಭಾಗದಿಂದಲೂ ಸಿಕ್ಕಿಲ್ಲ. ಅದಕ್ಕೂ ಮೇಲೆ ಬೇಕಾದರೆ 3 ಮೀಟರಿನ ಕಂಬವೊಂದಕ್ಕೆ ಪ್ರತ್ಯೇಕ ರಿಸೀವರ್ ಕಟ್ಟಿ. ಇಲ್ಲೊಂದು ಎಚ್ಚರಿಕೆ: ಆಂಟೆನಾವನ್ನು ಮಾತ್ರ ಕಂಬಕ್ಕೇರಿಸಿ ರಿಸೀವರನ್ನು ಕೆಳಗಿಟ್ಟು ನಡುವೆ ತೆಳು ಕೋಆಕ್ಸ್ ಕೇಬಲ್ ಎಳೆಯಬೇಡಿ. ಈ ಆವರ್ತನದಲ್ಲಿ ಆರ್‌ಜಿ-316ರಂಥ ಕೇಬಲ್ ಮೀಟರಿಗೆ 2 ಡೆಸಿಬೆಲ್‌ಗೂ ಹೆಚ್ಚು ತಿನ್ನುತ್ತದೆ, ಕಂಬದಿಂದ ಗಳಿಸಿದ್ದನ್ನೆಲ್ಲ ಕೇಬಲ್ ಕಿತ್ತುಕೊಳ್ಳುತ್ತದೆ. ರಿಸೀವರನ್ನೇ ಮೇಲಿಟ್ಟು, ಅದರಿಂದ ಹೊರಬರುವ ಎವಿ ವಿಡಿಯೊವನ್ನು ತಂತಿಯಲ್ಲಿ ಗಾಗಲ್ಸ್‌ಗೆ ಇಳಿಸಿಕೊಳ್ಳಿ.

ನಿಮ್ಮ ಗಾಗಲ್ಸ್‌ನಲ್ಲಿ ಎರಡು ಆಂಟೆನಾಗಳಿಗೆ ಎರಡು ರಿಸೀವರ್‌ಗಳಿದ್ದರೆ ಎರಡಕ್ಕೂ ಒಂದೇ ಬಗೆಯ ಆಂಟೆನಾ ಹಾಕುವುದು ವ್ಯರ್ಥ. ಒಂದಕ್ಕೆ ಸುತ್ತಲೂ ಕೇಳುವ ಅಣಬೆ ಇರಲಿ, ಇನ್ನೊಂದಕ್ಕೆ ಚಪ್ಪಟೆಯ ಪ್ಯಾಚ್ ಆಂಟೆನಾ ಹಾಕಿ. 8 ಡಿಬಿಐ (ಆಂಟೆನಾದ ಲಾಭದ ಅಳತೆ) ಪ್ಯಾಚ್ ಒಂದು ತಾನು ನೋಡುತ್ತಿರುವ ಸುಮಾರು 65 ಡಿಗ್ರಿ ಅಗಲದಲ್ಲಿ ಅಣಬೆಗಿಂತ 7 ಡೆಸಿಬೆಲ್ ಹೆಚ್ಚು ಕೇಳಿಸಿಕೊಳ್ಳುತ್ತದೆ, ಅಂದರೆ ಆ ದಿಕ್ಕಿನಲ್ಲಿ ದೂರ ಎರಡು ಪಟ್ಟಿಗಿಂತ ಮೇಲಾಗುತ್ತದೆ. 800 ಮಿಲಿವಾಟ್ ಕೊಡುವುದಕ್ಕಿಂತ ಇದು ಹೆಚ್ಚು, ಡ್ರೋನ್‌ನ ತೂಕಕ್ಕೆ ಒಂದು ಗ್ರಾಮ್ ಸೇರಿಸದೆ, ಬ್ಯಾಟರಿಗೆ ಹೊರೆಯಾಗದೆ. ಪ್ಯಾಚ್‌ನ ಸುತ್ತೂ ಡ್ರೋನ್‌ನದಕ್ಕೆ ಹೊಂದಬೇಕು, ಮತ್ತು ಹಾರಿಸುವಾಗ ನಿಮ್ಮ ಮುಖ ಡ್ರೋನ್ ಇರುವ ಕಡೆಗೇ ಇರಬೇಕು. ಸಂದರ್ಭ ಬಂದದ್ದರಿಂದ ಕ್ಯಾಮೆರಾ ಡ್ರೋನ್ ಇರುವವರಿಗೂ ಒಂದು ಮಾತು: ರಿಮೋಟಿನ ಕಡ್ಡಿ ಅಥವಾ ಪಟ್ಟಿ ಆಂಟೆನಾಗಳ ತುದಿಯನ್ನು ಡ್ರೋನ್ ಕಡೆಗೆ ಗುರಿಯಿಡುವವರು ಬಹಳ ಮಂದಿ ಇದ್ದಾರೆ. ತುದಿಯ ನೇರಕ್ಕೆ ಇರುವುದು ವಡೆಯ ತೂತು. ಅಗಲವಾದ ಮುಖ ಡ್ರೋನ್ ಕಡೆಗಿರಬೇಕು.

ಕೆರೆ ತುಂಬಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಡ್ರೋನ್‌ನಿಂದ ನೇರವಾಗಿ ಬರುವ ತರಂಗದ ಜೊತೆಗೆ ನೀರಿಗೆ ತಾಗಿ ಪುಟಿದ ತರಂಗವೂ ಬರುತ್ತದೆ, ಎರಡೂ ಒಂದನ್ನೊಂದು ಅಳಿಸಿಹಾಕುವ ಜಾಗಗಳಲ್ಲಿ ಚಿತ್ರ ಕ್ಷಣಕಾಲ ಹರಿದುಹೋಗುತ್ತದೆ. ಸುತ್ತುವ ತರಂಗ ಪುಟಿದಾಗ ಬಲಸುತ್ತು ಎಡಸುತ್ತಾಗುವುದರಿಂದ ಅಣಬೆ ಆಂಟೆನಾಗಳು ಪುಟಿದದ್ದನ್ನು ಬಹುಮಟ್ಟಿಗೆ ತಳ್ಳಿಹಾಕುತ್ತವೆ. ಅವು ಎಫ್‌ಪಿವಿಯಲ್ಲಿ ಬಳಕೆಗೆ ಬರಲು ಇದೇ ದೊಡ್ಡ ಕಾರಣ. ಆದರೆ ತರಂಗ ನೀರನ್ನು ತೀರಾ ಸವರಿಕೊಂಡು, ಬಹಳ ಕಡಿಮೆ ಕೋನದಲ್ಲಿ ತಾಗಿದಾಗ ಸುತ್ತು ಬದಲಾಗುವುದಿಲ್ಲ, ಆ ರಕ್ಷಣೆ ತಪ್ಪಿಹೋಗುತ್ತದೆ. ಆದ್ದರಿಂದ ನೀರಿನ ಮೇಲೆ ದೂರ ಹೋಗುವಾಗ ಎತ್ತರ ಉಳಿಸಿಕೊಳ್ಳಿ. ನೀರು ಸವರಿ ಹಾರುವ ಆಸೆ ಇದ್ದರೆ ಅದು ಏರಿಯ ಹತ್ತಿರವೇ ಇರಲಿ.

ಚಿತ್ರ ಹೇಗೆ ಕೆಡುತ್ತದೆ ಎಂಬುದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ, ಅನಲಾಗ್‌ನ ದೊಡ್ಡ ಉಪಕಾರ ಅದು. ದೂರ ಹೋದಂತೆ ಸಣ್ಣ ಬಿಳಿ ಚುಕ್ಕೆಗಳು ದಟ್ಟವಾಗುತ್ತಾ ಬಂದರೆ ಸಿಗ್ನಲ್ ಸೊರಗುತ್ತಿದೆ. ಒಮ್ಮೆಲೇ ಹರಿದು, ಬಣ್ಣ ಹಾರಿ, ಮರುಕ್ಷಣ ಸರಿಯಾದರೆ ಪ್ರತಿಫಲನ ಅಥವಾ ಅಡ್ಡ ಬಂದ ಮರ. ಥ್ರಾಟಲ್ (ಮೋಟಾರುಗಳ ವೇಗ) ಏರಿಸಿದಂತೆಲ್ಲ ಗೆರೆಗಳು ಓಡಾಡಿದರೆ ಅದು ರೇಡಿಯೊದ ದೋಷವೇ ಅಲ್ಲ, ಮೋಟಾರುಗಳ ವಿದ್ಯುತ್ ಗದ್ದಲ ಕ್ಯಾಮೆರಾದ ತಂತಿಗೆ ಸೇರುತ್ತಿದೆ. ಬ್ಯಾಟರಿ ತಂತಿಗಳು ಬೆಸೆದಿರುವ ಜಾಗದಲ್ಲಿ, ನಿಮ್ಮ ಬ್ಯಾಟರಿಯ ವೋಲ್ಟೇಜಿಗೆ ತಕ್ಕ, ಲೋ-ಇಎಸ್‌ಆರ್ (ಒಳರೋಧ ಕಡಿಮೆಯಿರುವ) ಬಗೆಯ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದು ಬಹಳ ಮಟ್ಟಿಗೆ ಅಡಗುತ್ತದೆ.

ಇಷ್ಟೆಲ್ಲ ಆದ ಮೇಲೆ 25 ಮಿಲಿವಾಟಿನಲ್ಲಿ ಮತ್ತೆ ಅಳೆಯಿರಿ. ಮೊದಲು 140 ಮೀಟರಿಗೆ ಒಡೆಯುತ್ತಿದ್ದ ಚಿತ್ರ ಈಗ 400 ದಾಟಿದರೆ ನಿಮ್ಮ 200 ಮಿಲಿವಾಟ್ ನಿಮಗೆ ಧಾರಾಳವಾಯಿತು. 800ಕ್ಕೆ ಹೋಗುವುದಾದರೆ ಅದರ ಬಿಸಿಗೆ ಗಾಳಿಯಾಡುವ ಜಾಗ ಕೊಡಬೇಕು. ನೆಲದ ಮೇಲೆ ನಿಂತ ಡ್ರೋನ್‌ನಲ್ಲಿ ಅದು ಬೇಗನೆ ಕಾದು ತಾನಾಗಿ ಶಕ್ತಿ ತಗ್ಗಿಸಿಕೊಳ್ಳಬಹುದು. ಪಕ್ಕದಲ್ಲಿ ಸ್ನೇಹಿತರು ಹಾರಿಸುತ್ತಿದ್ದರೆ ಅವರ ಚಿತ್ರದ ಮೇಲೂ ನಿಮ್ಮದು ಹತ್ತಿ ಕೂರುತ್ತದೆ. ಚಾನೆಲ್ ಆಯ್ಕೆಯಲ್ಲಿಯೂ ವಿವೇಚನೆ ಬೇಕು. ನಮ್ಮ ದೇಶದಲ್ಲಿ 2018ರ ಅಧಿಸೂಚನೆ 5725ರಿಂದ 5875 ಮೆಗಾಹರ್ಟ್ಸ್‌ನ ಪಟ್ಟಿಯನ್ನು ಪರವಾನಗಿ ಬೇಡದ ಪಟ್ಟಿಗಳಲ್ಲಿ ಸೇರಿಸಿದೆ. ರೇಸ್‌ಬ್ಯಾಂಡ್ ಎಂಬ ಎಫ್‌ಪಿವಿ ಚಾನೆಲ್ ಗುಂಪಿನ 4, 5, 6ನೇ ಚಾನೆಲ್‌ಗಳು, ಅಂದರೆ 5769, 5806, 5843, ಇದರ ಒಳಗೆ ಬೀಳುತ್ತವೆ. 7ನೆಯದು 5880, 8ನೆಯದು 5917, ಎರಡೂ ಹೊರಗೆ. ಖಾಲಿ ಇದೆಯೆಂದು ಅಲ್ಲಿಗೆ ಹೋಗಬೇಡಿ. ಹಾಗೆಯೇ ಬ್ಯಾಟರಿ ಸೇರಿ 250 ಗ್ರಾಮ್ ಮೀರಿದ ನಿಮ್ಮ ಡ್ರೋನ್ 2021ರ ಡ್ರೋನ್ ನಿಯಮಗಳಲ್ಲಿ ಮೈಕ್ರೋ ವರ್ಗಕ್ಕೆ ಸೇರುತ್ತದೆ. ಹವ್ಯಾಸಕ್ಕಾಗಿ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ, ಆದರೆ ನೋಂದಣಿ ಸಂಖ್ಯೆ ಬೇಕು. ಮುಂಚಿತ ಅನುಮತಿ ಬೇಡದ ಹಸಿರು ವಲಯದಲ್ಲಿಯೂ ಎತ್ತರದ ಮಿತಿ 400 ಅಡಿ.

ಕೊನೆಗೆ ನೀವು ಕೇಳದೇ ಇದ್ದರೂ ಹೇಳಲೇಬೇಕಾದದ್ದು ನಿಯಂತ್ರಣದ ವಿಷಯ. ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ 250 ಹರ್ಟ್ಸ್ ದರದಲ್ಲಿ, ಅಂದರೆ ಸೆಕೆಂಡಿಗೆ 250 ಸಂದೇಶ ಕಳಿಸುವಾಗ, −108 ಡಿಬಿಎಂವರೆಗೆ ಕೇಳಿಸಿಕೊಳ್ಳುತ್ತದೆ. ನಿಮ್ಮ 100 ಮಿಲಿವಾಟ್ ಬಯಲಿನಲ್ಲಿ 1 ಕಿಲೋಮೀಟರ್ ದಾಟಿದ ಮೇಲೂ ಅದರ ಬಳಿ ಹತ್ತಿರ ಹತ್ತಿರ 30 ಡೆಸಿಬೆಲ್ ಉಳಿದಿರುತ್ತದೆ. ಹೀಗಾಗಿ ಕಣ್ಣು ಮೊದಲು ಹೋಗುತ್ತದೆ, ಕೈ ಉಳಿದಿರುತ್ತದೆ. ಇದು ಒಳ್ಳೆಯ ಕ್ರಮ. ಇದನ್ನು ಹಾಗೆಯೇ ಕಾಪಾಡಿಕೊಳ್ಳಿ. ರಿಸೀವರ್ ಆಂಟೆನಾದ ತುದಿಯಲ್ಲಿ ಹೊದಿಕೆಯಿಲ್ಲದ 31 ಮಿಲಿಮೀಟರ್ ತಂತಿ ಇದ್ದರೆ ಕೇಳಿಸಿಕೊಳ್ಳುವುದು ಆ ಭಾಗವೇ. ಅದು ಕಾರ್ಬನ್‌ಗೆ ತಾಗದೆ ಹೊರಗೆ ಚಾಚಿರಬೇಕು, ಬಿದ್ದಾಗ ತುಂಡಾಗಿಲ್ಲವೇ ಎಂದು ಇಂದೇ ಅಳತೆಪಟ್ಟಿ ಇಟ್ಟು ನೋಡಿ. ಲಿಂಕ್ ಕ್ವಾಲಿಟಿ (ಎಷ್ಟು ಸಂದೇಶಗಳು ಸರಿಯಾಗಿ ತಲುಪುತ್ತಿವೆ ಎಂಬುದು) ಮತ್ತು ಡಿಬಿಎಂ ಎರಡನ್ನೂ ಪರದೆಯ ಮೇಲೆ ಕಾಣುವಂತೆ ಹಾಕಿಕೊಳ್ಳಿ. ಜಿಪಿಎಸ್ ಇದ್ದರೆ ಡ್ರೋನ್ ನಡೆಸುವ ಬೀಟಾಫ್ಲೈಟ್ ತಂತ್ರಾಂಶದಲ್ಲಿ ಫೇಲ್‌ಸೇಫ್ (ಸಂಪರ್ಕ ಕಡಿದಾಗ ಏನು ಮಾಡಬೇಕು ಎಂಬುದು) ಅನ್ನು, ತಾನಾಗಿ ಮರಳಿ ಬರುವ ಜಿಪಿಎಸ್ ರೆಸ್ಕ್ಯೂಗೆ ಇಟ್ಟು, ಅದನ್ನು ಒಂದು ಸ್ವಿಚ್ಚಿಗೂ ಕೊಟ್ಟು, ಏರಿಯ ಮುಂದೆ, ನೀರಿಲ್ಲದ ಕಡೆ, 150 ಮೀಟರ್ ದೂರದಲ್ಲಿ ಚಿತ್ರ ಚೆನ್ನಾಗಿರುವಾಗಲೇ ಒತ್ತಿ ಪರೀಕ್ಷಿಸಿ. ಜಿಪಿಎಸ್ ಇಲ್ಲದಿದ್ದರೆ ಚಿತ್ರ ಹೋದ ಕ್ಷಣದಲ್ಲಿ ಮೋಟಾರು ನಿಲ್ಲಿಸಬೇಡಿ, ಗಾಬರಿಯಲ್ಲಿ ತಿರುಗಿಸಲೂ ಬೇಡಿ. ಡ್ರೋನನ್ನು ಸಮತಟ್ಟು ಮಾಡಿ ಥ್ರಾಟಲ್ ಕೊಟ್ಟು ಹತ್ತು ಹದಿನೈದು ಮೀಟರ್ ಮೇಲೆತ್ತಿ. ಮರದ ಮರೆಯೂ ಬ್ಯಾಟರಿಯ ಮರೆಯೂ ತಪ್ಪಿ, ಬಹುತೇಕ ಸಲ ಒಂದೆರಡು ಸೆಕೆಂಡಿನಲ್ಲಿ ಕೆರೆಯ ಅಂಚು ಮತ್ತೆ ಕಾಣಿಸುತ್ತದೆ. ಆಗ ನಿಧಾನವಾಗಿ, ಮೂತಿ ಹೆಚ್ಚು ತಗ್ಗಿಸದೆ, ಮನೆಯ ಕಡೆಗೆ ತಿರುಗಿಸಿ.